ಮನೆತನಗಳ ಹಾಕಿ

ಆಟಕ್ಕೆ ತಂಡ ಬೇಕು. ತಂಡಕ್ಕೊಂದು ಹೆಸರು ಬೇಕು. ಐರ್ಲೆಂಡಿನಲ್ಲಿ ಹರ್ಲಿಂಗ್ ಎಂಬ ಕೋಲುಚೆಂಡಿನ ಆಟವುಂಟು. ಅದರ ಆಟಗಾರ ಸಂಬಳವಿಲ್ಲದೆ ತನ್ನ ಊರಿನ ಕ್ಲಬ್ಬಿಗಾಗಿ ಆಡುತ್ತಾನೆ. ನಮ್ಮ ಕೊಡಗು ಒಂದು ಹೆಜ್ಜೆ ಮುಂದೆ ಹೋಗಿ ಹಾಕಿ ತಂಡಕ್ಕೆ ಮನೆತನದ ಹೆಸರನ್ನೇ ಇಟ್ಟಿದೆ.

ಆವನಿ, ಮುಳಬಾಗಿಲಿನ ಕಡೆಯವರಿಗೆ ಹಾಕಿಗಿಂತ ಚಿನ್ನಿದಾಂಡು ಹತ್ತಿರದ್ದು. ಅಲ್ಲಿ ಹುಡುಗರು ಪಕ್ಷ ಕಟ್ಟುವಾಗ ಅಣ್ಣತಮ್ಮಂದಿರು ಎದುರುಬದುರಾಗುವುದೂ ಉಂಟು. ಕೊಡವರ ಹಬ್ಬದಲ್ಲಿ ಹಾಗಲ್ಲ. ಒಂದು ಒಕ್ಕದವರದು ಒಂದೇ ಪಕ್ಷ. ಒಕ್ಕವೆಂದರೆ ಒಬ್ಬ ಮೂಲಪುರುಷನಿಂದ ಬೆಳೆದ ವಂಶ. ಅದರ ಹಿರಿಯ ಮನೆಯೇ ಐನ್‌ಮನೆ.

1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಈ ಹಬ್ಬವನ್ನು ಆರಂಭಿಸಿದಾಗ ಬಂದದ್ದು 60 ಮನೆತನಗಳು. ಅನಂತರ ವರ್ಷಕ್ಕೊಂದು ಒಕ್ಕ ಆತಿಥ್ಯ ವಹಿಸುತ್ತ ಬಂದಿತು. ಕಪ್ಪಿಗೂ ಅದರದೇ ಹೆಸರು. 2018ರಲ್ಲಿ ನಾಪೋಕ್ಲಿನಲ್ಲಿ ಕುಲ್ಲೇಟಿರ ಕಪ್ ನಡೆಯಿತು. ಅದೇ ವರ್ಷದ ಮಳೆಗಾಲದಲ್ಲಿ ಗುಡ್ಡಗಳು ಕುಸಿದವು. ಮುಂದೆ ಕೊರೋನಾ ಬಂದಿತು. 2019ರಿಂದ 2022ರವರೆಗೆ ಹಬ್ಬ ನಡೆಯಲಿಲ್ಲ. 2023ರಲ್ಲಿ ಅಪ್ಪಚೆಟ್ಟೋಳಂಡ ಕಪ್ಪಿನೊಡನೆ ಮತ್ತೆ ಚೆಂಡು ಉರುಳಿತು. 2024ರ ಕುಂಡ್ಯೋಳಂಡ ಕಪ್ಪಿಗೆ 360 ಮನೆತನಗಳು ಬಂದು, ಅದು ಗಿನ್ನೆಸ್ ದಾಖಲೆಯ ಪುಟವನ್ನೂ ಸೇರಿತು.

ಸೋತವರು ಹೊರನಡೆಯುವ ಪಂದ್ಯಾವಳಿಯಿದು. 360 ತಂಡಗಳಿದ್ದರೆ 359 ಸೋಲಲೇಬೇಕು. ಎಂ. ಪಿ. ಗಣೇಶ್, ಎಂ. ಎಂ. ಸೋಮಯ್ಯನವರಂಥ ಒಲಿಂಪಿಕ್ ಆಟಗಾರರನ್ನು ಕೊಟ್ಟ ನಾಡಿನಲ್ಲಿ, ಗೆಲ್ಲುವ ಆಸೆಯೇ ಇಲ್ಲದ ಮನೆಯವರೇಕೆ ಬರುತ್ತಾರೆ?

ಉತ್ತರ ಆಟಕ್ಕೆ ಮುಂಚೆಯೇ ಸಿಗುತ್ತದೆ. ಹನ್ನೊಂದು ಜನ ಕೂಡಬೇಕಲ್ಲ! ಕಾಫಿತೋಟದ ಮಕ್ಕಳು ಬೆಂಗಳೂರಿಗೆ, ದುಬೈಗೆ ಚದುರಿಹೋಗಿದ್ದಾರೆ. ಯಾರ ಮಗ ಎಲ್ಲಿದ್ದಾನೆ, ಯಾರ ಮಗಳಿಗೆ ರಜೆಯಿದೆ ಎಂದು ವಿಚಾರಿಸಬೇಕು. ಹೆಂಗಸರೂ ಗಂಡಸರೊಡನೆ ಆಡುವ ಹಬ್ಬವಾದ್ದರಿಂದ ಅತ್ತೆಯ ಪಕ್ಕದಲ್ಲಿ ಸೋದರಳಿಯ ನಿಲ್ಲಬಹುದು. ಚಿಕ್ಕ ಒಕ್ಕಕ್ಕೆ ತಂಡ ಇಳಿಸಿದ್ದೇ ಒಂದು ಗೆಲುವು. ಮೊದಲ ದಿನವೇ ಸೋತರೂ, ಒಬ್ಬರನ್ನೊಬ್ಬರು ಕಾಣದಿದ್ದ ದಾಯಾದಿಗಳು ಒಂದೇ ಬಣ್ಣದ ಅಂಗಿ ತೊಟ್ಟಿರುತ್ತಾರೆ.

ಆದುದರಿಂದಲೇ ನಿಂತುಹೋದ ಆ ನಾಲ್ಕು ವರ್ಷಗಳ ನಷ್ಟವನ್ನು ಪಂದ್ಯಗಳ ಲೆಕ್ಕದಲ್ಲಿ ಅಳೆಯಲಾಗದು. ಹದಿನೈದರ ಹುಡುಗ ಅಷ್ಟರಲ್ಲಿ ಹತ್ತೊಂಬತ್ತರವನಾಗಿ ಊರು ಬಿಟ್ಟಿರುತ್ತಾನೆ. ತನ್ನ ಐನ್‌ಮನೆಯವರ ಮುಖಪರಿಚಯವೇ ಅವನಿಗೆ ಆಗಿರುವುದಿಲ್ಲ. ಕಪ್ಪು ಒಂದು ಮನೆಯ ಪಾಲಾಗುತ್ತದೆ. ಈ ಪರಿಚಯ ಎಲ್ಲ ಮನೆಗಳಿಗೂ ಸಲ್ಲುತ್ತದೆ.