ಬಿತ್ತಲಾಗದ ಬಯಲು

ತಿಕೋಟಾದಿಂದ ಕನಮಡಿ ಕಡೆ ಹೊರಟರೆ ಅಲ್ಲಲ್ಲಿ ಗರಸು ನೆಲ, ಕುರುಚಲು ಹುಲ್ಲು, ಎದೆಗೆ ಅಪ್ಪಳಿಸುವ ಗಾಳಿ. ಮಳೆಗಾಲ ಮುಗಿದ ಮೇಲೆ ಆ ಹುಲ್ಲಲ್ಲಿ ನಡೆದರೆ ಧೋತರದ ಅಂಚಿಗೆಲ್ಲ ಮುಳ್ಳುಬೀಜ. ಬಿತ್ತಲು ಬಾರದ ನೆಲ ಯಾರಿಗೂ ಬೇಕಿಲ್ಲ ಅಂತ ನಾವು ಬಹಳ ಬೇಗ ತೀರ್ಮಾನಿಸುತ್ತೇವೆ.

ಗಾಲ್ಫ್ ಆಟ ಬೆಳೆದದ್ದು ಇಂಥ ನೆಲದಲ್ಲೇ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್ ಊರಿನ ಕಡಲಂಚಿನ ಬಯಲಲ್ಲಿ ಕುರಿ ಮೇಯುತ್ತಿದ್ದವು, ಜನ ಚೆಂಡು ಹೊಡೆಯುತ್ತಿದ್ದರು. 18 ಕುಳಿಗಳ ಲೆಕ್ಕ 1764ರಲ್ಲಿ ಶುರುವಾದದ್ದೂ ಅಲ್ಲೇ. ಅಲ್ಲಿ ಆಟಗಾರನಿಗೆ ಗಾಳಿಯೇ ದೊಡ್ಡ ಎದುರಾಳಿ. ಆ ನೆಲ ಇಂದಿಗೂ ಸಾರ್ವಜನಿಕರದ್ದು. ಭಾನುವಾರ ಹಳೆಯ ಮೈದಾನದಲ್ಲಿ ಸಾಮಾನ್ಯವಾಗಿ ಆಟವಿಲ್ಲ. ಊರವರು ಮಕ್ಕಳು ಮರಿಗಳೊಂದಿಗೆ ಅಡ್ಡಾಡುತ್ತಾರೆ. ನನಗೆ ಬಹಳ ಹಿಡಿಸಿದ್ದು ಇದೇ. ನಮ್ಮಲ್ಲಿ 1876ರಷ್ಟು ಹಿಂದೆಯೇ ಶುರುವಾದ ಬೆಂಗಳೂರು ಗಾಲ್ಫ್ ಕ್ಲಬ್ ಸದಸ್ಯರದ್ದು. ದಾರಿಹೋಕರಿಗೆ ಆ ಹಸಿರು ಬೇಲಿಯಾಚೆಯೇ.

ನಮ್ಮ ಗಾಯರಾಣಕ್ಕೆ, ಅಂದರೆ ಊರ ಗೋಮಾಳಕ್ಕೆ, ಗಾಲ್ಫ್ ಬರಲಿ ಎನ್ನುತ್ತಿಲ್ಲ. ಬೇಸಿಗೆಯಲ್ಲಿ ಕುಡಿಯುವ ನೀರಿಗೇ ಪರದಾಡಿದ ಸೀಮೆ ಇದು. ಅಲ್ಲಿ ಕುರಿ ಮೇಯಲಿ, ಮಕ್ಕಳು ಚಿಣಿಪಣಿ ಆಡಲಿ, ಹಿರಿಯರು ಸಂಜೆ ಗಾಳಿಗೆ ಕೂಡಲಿ. ನಿಮ್ಮೂರ ಗಾಯರಾಣ ಈಗ ಎಷ್ಟು ಎಕರೆ ಉಳಿದಿದೆ ಅಂತ ಇವತ್ತೇ ಪಂಚಾಯಿತಿಯಲ್ಲಿ ಕೇಳಿ.