ಚಿತ್ರಕ್ಕೂ ಚಿತ್ರಕ್ಕೂ ನಡುವೆ ಒಂದು ಸಂಧಿ

(ಹವ್ಯಾಸಿ ಛಾಯಾಗ್ರಾಹಕರ ಕೂಟವೊಂದರಲ್ಲಿ ನಮ್ಮ ವರದಿಗಾರರು ಮಾಡಿದ ಭಾಷಣದ ಲಿಖಿತ ರೂಪ)



ಸಂಧಿ ಪ್ರಕರಣವನ್ನು ನಾವೆಲ್ಲ ಹೈಸ್ಕೂಲಿನಲ್ಲಿ ಉರು ಹೊಡೆದವರೇ. ಊರು ಮತ್ತು ಊರು ಸೇರಿದರೆ ಊರೂರು. ನಡುವಿನ ಒಂದು ಸ್ವರ ಬಿದ್ದುಹೋಗುತ್ತದೆ; ಅದು ಲೋಪ. ಮನೆ ಮತ್ತು ಅನ್ನು ಸೇರಿದರೆ ಮನೆಯನ್ನು. ಎರಡರಲ್ಲೂ ಇಲ್ಲದ ಯಕಾರವೊಂದು ನಡುವೆ ಬಂದು ಕೂರುತ್ತದೆ, ಅದು ಆಗಮ. ಮಳೆ ಮತ್ತು ಕಾಲ ಸೇರಿದರೆ ಮಳೆಗಾಲ. ಕಕಾರದ ಜಾಗಕ್ಕೆ ಗಕಾರ ಬರುತ್ತದೆ, ಅದು ಆದೇಶ.

ಸ್ಲೈಡ್ ಷೋ ಬಗ್ಗೆ ಮಾತಾಡಿ ಎಂದರೆ ವ್ಯಾಕರಣ ಶುರು ಮಾಡಿದನಲ್ಲ ಎನ್ನಬೇಡಿ. ತೆರೆಯ ಮೇಲೆ ಒಂದು ಫೋಟೊ ಹೋಗಿ ಇನ್ನೊಂದು ಬರುವಾಗ ಆಗುವುದೂ ಸಂಧಿಯೇ. ಕಂಪ್ಯೂಟರಿನ ಭಾಷೆಯಲ್ಲಿ ಅದಕ್ಕೆ ಟ್ರಾನ್ಸಿಷನ್ ಎಂದು ಹೆಸರು. ಒಂದು ಚಿತ್ರ ಥಟ್ಟನೆ ಕಡಿದು ಇನ್ನೊಂದು ಬಂದರೆ ನಡುವಿನ ಕಾಲ ಲೋಪವಾಯಿತು. ಎರಡರ ನಡುವೆ ತೆರೆ ಕ್ಷಣಕಾಲ ಕಪ್ಪಾದರೆ, ಎರಡಕ್ಕೂ ಸೇರದ ಕತ್ತಲೆಯೊಂದು ಆಗಮವಾಯಿತು. ಒಂದು ಕರಗುತ್ತಿದ್ದಂತೆ ಅದೇ ಜಾಗದಲ್ಲಿ ಇನ್ನೊಂದು ಮೂಡಿದರೆ ಆದೇಶ. ಪದಗಳ ಸಂಧಿ ತಪ್ಪಿದರೆ ಮೇಷ್ಟರು ಅಂಕ ಕಳೆಯುತ್ತಿದ್ದರು. ಚಿತ್ರಗಳ ಸಂಧಿ ತಪ್ಪಿದರೆ ಏನಾಗುತ್ತದೆ ಎಂಬುದೇ ಇವತ್ತಿನ ವಿಷಯ.

ಮದುವೆಯ ಬೆಳ್ಳಿಹಬ್ಬ, ನಿವೃತ್ತರ ಬೀಳ್ಕೊಡುಗೆ, ವೈಕುಂಠ ಸಮಾರಾಧನೆ, ಎಲ್ಲಿಗೆ ಹೋದರೂ ಈಗ ಒಂದು ಮೂಲೆಯಲ್ಲಿ ಟಿ.ವಿ. ಇಟ್ಟು ಹಳೆಯ ಫೋಟೊಗಳನ್ನು ಓಡಿಸುವುದುಂಟು. ಸಾಫ್ಟ್‌ವೇರಿನಲ್ಲಿ ಹತ್ತಾರು ಸಿದ್ಧ ಟ್ರಾನ್ಸಿಷನ್‌ಗಳಿರುತ್ತವೆ. ಯಾವುದನ್ನೂ ಆರಿಸುವ ಪುರಸೊತ್ತಿಲ್ಲದೆ ‘ಮನಬಂದಂತೆ’ ಎಂಬ ಗುಂಡಿ ಒತ್ತಿಬಿಡುತ್ತೇವೆ. ತೀರಿಕೊಂಡ ಹಿರಿಯರ ಮುಖ ದಾಳದಂತೆ ಉರುಳಿ, ಚೂರುಚೂರಾಗಿ ಹಾರಿಹೋಗುತ್ತದೆ. ಯಾರಿಗೂ ಅಗೌರವ ತೋರುವ ಉದ್ದೇಶವಿರಲಿಲ್ಲ, ನಿಜ. ಆದರೂ ತೆರೆ ಏನನ್ನೋ ಹೇಳಿಬಿಟ್ಟಿತು. ನಾವು ಆರಿಸದಿದ್ದರೆ ಯಂತ್ರ ಆರಿಸುತ್ತದೆ. ಯಂತ್ರಕ್ಕೆ ಸಾವು ಯಾವುದು, ಸಂಭ್ರಮ ಯಾವುದು ಎಂದು ತಿಳಿಯದು.

ಈ ವಿದ್ಯೆ ಕಂಪ್ಯೂಟರಿನೊಂದಿಗೆ ಹುಟ್ಟಿದ್ದಲ್ಲ. ಡಚ್ ವಿಜ್ಞಾನಿ ಕ್ರಿಸ್ಟಿಯಾನ್ ಹೈಗೆನ್ಸ್ 1659ರಲ್ಲೇ ಮಾಯಾದೀಪಕ್ಕಾಗಿ, ಅಂದರೆ ಮ್ಯಾಜಿಕ್ ಲ್ಯಾಂಟರ್ನ್‌ಗಾಗಿ, ಚಿತ್ರಗಳನ್ನು ಬರೆದಿದ್ದ. ತನ್ನ ತಲೆಯನ್ನು ತಾನೇ ತೆಗೆಯುವ ಅಸ್ಥಿಪಂಜರದ ಚಿತ್ರಗಳವು. ಆರಂಭದ ದೀಪಗಳಲ್ಲಿ ಉದ್ದನೆಯ ಮರದ ಚೌಕಟ್ಟಿಗೆ ಸಾಲಾಗಿ ಗಾಜಿನ ಚಿತ್ರಗಳನ್ನು ಕೂರಿಸಿ, ಕೈಯಿಂದ ಪಕ್ಕಕ್ಕೆ ತಳ್ಳುತ್ತಿದ್ದರು. ಸ್ಲೈಡ್ ಎಂಬ ಹೆಸರಿನಲ್ಲಿ ಆ ಜಾರುವಿಕೆ ಇಂದಿಗೂ ಉಳಿದಿದೆ. ಒಂದು ಚಿತ್ರ ಇನ್ನೊಂದನ್ನು ನೂಕಿಕೊಂಡು ಬರುವ ಇಂದಿನ ಟ್ರಾನ್ಸಿಷನ್ ಆ ಮರದ ಪಟ್ಟಿಯ ಮೊಮ್ಮಗ.

ದೊಡ್ಡ ಬದಲಾವಣೆ ಬಂದದ್ದು 19ನೇ ಶತಮಾನದ ಮೊದಲ ಭಾಗದಲ್ಲಿ. ಇಂಗ್ಲೆಂಡಿನ ಹೆನ್ರಿ ಲ್ಯಾಂಗ್‌ಡನ್ ಚೈಲ್ಡ್ ‘ಕರಗುವ ದೃಶ್ಯ’ಗಳನ್ನು ಜನಪ್ರಿಯಗೊಳಿಸಿದ. 1838ರಲ್ಲಿ ಬಾಗಿಲು ತೆರೆದ ಲಂಡನ್ನಿನ ರಾಯಲ್ ಪಾಲಿಟೆಕ್ನಿಕ್ ಸಂಸ್ಥೆ ಇಂಥ ಪ್ರದರ್ಶನಗಳಿಗೆ ಹೆಸರಾಯಿತು. ಉಪಾಯ ಸರಳ. ಎರಡು ದೀಪಗಳನ್ನು ತೆರೆಯ ಒಂದೇ ಜಾಗಕ್ಕೆ ಗುರಿಯಿಟ್ಟು, ಒಂದರ ಬೆಳಕನ್ನು ತಗ್ಗಿಸುತ್ತ ಇನ್ನೊಂದರದನ್ನು ಏರಿಸುವುದು. ಆಮ್ಲಜನಕ ಮತ್ತು ಜಲಜನಕದ ಜ್ವಾಲೆಯನ್ನು ಸುಣ್ಣದ ತುಂಡಿಗೆ ತಾಗಿಸಿ ಪ್ರಖರ ಬೆಳಕು ಪಡೆಯುವುದು ಬಳಕೆಗೆ ಬಂದಮೇಲೆ, ಒಂದೇ ನಲ್ಲಿಯನ್ನು ತಿರುಗಿಸಿ ಅನಿಲವನ್ನು ಈ ದೀಪದಿಂದ ಆ ದೀಪಕ್ಕೆ ಹರಿಸಬಹುದಿತ್ತು.

ಜನ ಬಹಳ ಮೆಚ್ಚಿದ ದೃಶ್ಯಗಳಲ್ಲಿ ಒಂದು ನೀರಿನಿಂದ ತಿರುಗುವ ಗಿರಣಿಯದು. ಬೇಸಿಗೆಯ ಹಸಿರು ನಡುವಿನ ಗಿರಣಿ ನೋಡನೋಡುತ್ತಿದ್ದಂತೆ ಹಿಮದಲ್ಲಿ ಮುಳುಗುತ್ತಿತ್ತು. ಇಲ್ಲಿ ಗುಟ್ಟು ಇದ್ದುದು ನಲ್ಲಿಗಿಂತ ಹೆಚ್ಚಾಗಿ ಗಾಜಿನಲ್ಲಿ. ಗಿರಣಿಯ ಮಾಡು, ಚಕ್ರ, ಮರದ ಕೊಂಬೆ ಎರಡೂ ಗಾಜುಗಳ ಮೇಲೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಒಂದೇ ಜಾಗದಲ್ಲಿರಬೇಕಿತ್ತು. ಹಾಗಿದ್ದರೆ ಮಾತ್ರ ಪ್ರೇಕ್ಷಕ ‘ಎರಡು ಚಿತ್ರ ನೋಡಿದೆ’ ಎನ್ನದೆ ‘ಚಳಿಗಾಲ ಬಂತು’ ಎನ್ನುತ್ತಾನೆ.

ನಮ್ಮ ದೇಶದಲ್ಲೂ ಈ ಪರಂಪರೆ ಉಂಟು. ಮುಂಬೈ ಸಮೀಪದ ಕಲ್ಯಾಣದಲ್ಲಿ 1890ರ ದಶಕದಲ್ಲಿ ಮಹಾದೇವ ಗೋಪಾಲ ಪಟವರ್ಧನ್ ಮತ್ತು ಅವರ ಮಕ್ಕಳು ‘ಶಾಂಬರಿಕ ಖರೋಲಿಕಾ’ ಎಂಬ ಹೆಸರಿನಲ್ಲಿ ಮಾಯಾದೀಪದ ಆಟ ತೋರಿಸುತ್ತಿದ್ದರು. ಕೈಯಿಂದ ಬಣ್ಣ ಹಚ್ಚಿದ ಗಾಜಿನ ಚಿತ್ರಗಳನ್ನು ಬೇಗಬೇಗ ಬದಲಿಸಿ, ಪುರಾಣದ ಪಾತ್ರಗಳು ಚಲಿಸುವಂತೆ ಕಾಣಿಸುತ್ತಿದ್ದರು. ಭಾರತದಲ್ಲಿ ಸಿನಿಮಾ ಇನ್ನೂ ಕಣ್ಣು ಬಿಡದಿದ್ದ ಕಾಲ ಅದು.

ಸಿನಿಮಾ ಬಂದ ಮೇಲೆ ದೀಪದವರ ಜಾಣ್ಮೆ ಅದಕ್ಕೆ ಬಳುವಳಿಯಾಯಿತು. ಫ್ರಾನ್ಸಿನ ಜಾರ್ಜ್ ಮೆಲಿಯೆ 1899ರ ‘ಸಿಂಡ್ರೆಲಾ’ದಲ್ಲಿ ಒಂದು ದೃಶ್ಯವನ್ನು ಇನ್ನೊಂದರೊಳಗೆ ಕರಗಿಸಿದ. 1962ರಲ್ಲಿ ಕ್ರಿಸ್ ಮಾರ್ಕರ್ ‘ಲಾ ಜೆತೆ’ ಎಂಬ ಕಿರುಚಿತ್ರ ಮಾಡಿದ. ಅದು ಬಹುಪಾಲು ಬರೀ ಸ್ಥಿರಚಿತ್ರಗಳ ಸರಣಿ. ಒಂದು ಕಡೆ ಮಲಗಿರುವ ಹೆಣ್ಣಿನ ಫೋಟೊಗಳು ಒಂದರೊಳಗೊಂದು ಕರಗುತ್ತ ಹೋಗಿ, ಕೊನೆಗೆ ಆಕೆ ನಿಜವಾಗಿಯೇ ಕಣ್ಣು ತೆರೆದು ನೋಡುತ್ತಾಳೆ. ಇಡೀ ಚಿತ್ರದಲ್ಲಿ ಚಲನೆ ಇರುವುದು ಆ ಕೆಲವು ಕ್ಷಣ ಮಾತ್ರ. ಅದಕ್ಕೆ ಮೊದಲಿನ ಕರಗುವಿಕೆಗಳು ಇರದಿದ್ದರೆ ಆ ಕಣ್ಣಿಗೆ ಅಷ್ಟು ಬೆಲೆ ಬರುತ್ತಿರಲಿಲ್ಲ.

ಈಗ ಕೆಲಸದ ಮಾತಿಗೆ ಬರೋಣ. ನಮ್ಮದೇ ಟ್ರಾನ್ಸಿಷನ್ ಮಾಡಿಕೊಳ್ಳುವುದು ಹೇಗೆ? ಕೆಡೆನ್‌ಲೈವ್, ಶಾಟ್‌ಕಟ್, ಓಪನ್‌ಶಾಟ್‌ನಂಥ ಉಚಿತ ಸಾಫ್ಟ್‌ವೇರುಗಳು ಇದಕ್ಕೆ ಅವಕಾಶ ಕೊಡುತ್ತವೆ. ಬೇಕಾದುದು ಒಂದು ಕಪ್ಪು ಬಿಳುಪು ಚಿತ್ರ. ಅದನ್ನು ಮುಸುಕು ಎನ್ನೋಣ. ಮುಸುಕಿನಲ್ಲಿ ಕಪ್ಪಿರುವ ಕಡೆ ಹೊಸ ಫೋಟೊ ಮೊದಲು ಮೂಡುತ್ತದೆ, ಬಿಳುಪಿರುವ ಕಡೆ ಕೊನೆಗೆ. ನಡುವಿನ ಬೂದುಬಣ್ಣಗಳು ತಮ್ಮ ಸರದಿಯಂತೆ. ಕ್ರಮ ತಿರುಗುಮುರುಗಾಗಿ ಕಂಡರೆ ಅದನ್ನು ಮಗುಚುವ ಆಯ್ಕೆಯೂ ಇರುತ್ತದೆ. ಸಾಮಾನ್ಯ ಮುಸುಕಿನಲ್ಲಿ ಕಪ್ಪಿನಿಂದ ಬಿಳುಪಿನವರೆಗೆ 256 ಮೆಟ್ಟಿಲುಗಳು. ಸೆಕೆಂಡಿಗೆ 25 ಚೌಕಟ್ಟಿನಂತೆ 2 ಸೆಕೆಂಡಿನ ಟ್ರಾನ್ಸಿಷನ್‌ಗೆ 50 ಚೌಕಟ್ಟು, ಅಂದರೆ ಪ್ರತಿ ಚೌಕಟ್ಟಿಗೆ ಸುಮಾರು 5 ಮೆಟ್ಟಿಲು. ಬೂದುಬಣ್ಣ ನಯವಾಗಿ ಏರದೆ ಅಲ್ಲಲ್ಲಿ ಜಿಗಿದರೆ ತೆರೆಯ ಮೇಲೆಯೂ ಜಿಗಿತ ಕಾಣುತ್ತದೆ.

ಒಂದು ಉದಾಹರಣೆ. ಹಳೆಯ ಮನೆಯ ಮುಂಬಾಗಿಲಿನ ಫೋಟೊದಿಂದ ಒಳಗಿನ ತೊಟ್ಟಿಯ ಫೋಟೊಗೆ ಹೋಗಬೇಕು. ಮುಸುಕಿನ ನಟ್ಟನಡುವೆ ಕಪ್ಪು ಗೆರೆ ಇಟ್ಟು, ಎರಡೂ ಪಕ್ಕಕ್ಕೆ ನಿಧಾನವಾಗಿ ಬಿಳುಪಾಗಿಸಿ. ಎರಡು ಕದ ತೆರೆದಂತೆ ಮನೆ ಒಳಗೆ ಕರೆಯುತ್ತದೆ. ನೇಕಾರರ ಬದುಕಿನ ಚಿತ್ರಗಳಾದರೆ ಮುಸುಕನ್ನು ಎಳೆಎಳೆಯಾದ ಅಡ್ಡಗೆರೆಗಳಲ್ಲಿ ಬರೆಯಬಹುದು. ಮುಖದಿಂದ ಮುಖಕ್ಕೆ ಹೋಗುವಾಗ ಮುಸುಕೇ ಬೇಡ. ಗಿರಣಿಯ ಪಾಠ ನೆನೆದು, ಎರಡೂ ಫೋಟೊಗಳನ್ನು ಹಿಗ್ಗಿಸಿ ಕುಗ್ಗಿಸಿ ಕಣ್ಣಿಗೆ ಕಣ್ಣು ಸರಿಯಾಗಿ ಕೂರಿಸಿ, ಸುಮ್ಮನೆ ಕರಗಿಸಿ. ಇಪ್ಪತ್ತರ ಹುಡುಗಿ ಎಪ್ಪತ್ತರ ಅಜ್ಜಿಯಾಗುವುದನ್ನು ಮನೆಮಂದಿ ಉಸಿರು ಬಿಗಿಹಿಡಿದು ನೋಡುತ್ತಾರೆ.

ಲೆಕ್ಕವನ್ನೂ ಮರೆಯಬೇಡಿ. 60 ಫೋಟೊ, ತಲಾ 5 ಸೆಕೆಂಡು ಎಂದರೆ 300 ಸೆಕೆಂಡು. ಆದರೆ ಕರಗುವಾಗ ಎರಡು ಚಿತ್ರ ಒಂದೇ ಹೊತ್ತನ್ನು ಹಂಚಿಕೊಳ್ಳುತ್ತವೆ. ಒಂದೊಂದು ಸೆಕೆಂಡಿನ 59 ಸಂಧಿಗಳು ಕಳೆದರೆ ಉಳಿಯುವುದು 241. ಹಾಡಿನ ಉದ್ದಕ್ಕೆ ಹೊಂದಿಸುವವರು ಇಲ್ಲೇ ಎಡವುವುದು.

ಕೊನೆಯದಾಗಿ, ನನ್ನ ವೃತ್ತಿಗೆ ಸೇರಿದ ಒಂದು ಮಾತು. ಪತ್ರಿಕೆಯಲ್ಲಿ ಎರಡು ಚಿತ್ರಗಳ ನಡುವೆ ಬಿಳಿಯ ಜಾಗವಿರುತ್ತದೆ, ಕೆಳಗೆ ಅಡಿಬರಹವಿರುತ್ತದೆ. ಸ್ಲೈಡ್ ಷೋದಲ್ಲಿ ಎಷ್ಟೋ ಸಲ ಅವೆರಡೂ ಇರುವುದಿಲ್ಲ. ತುಂಬಿದ ಕೃಷ್ಣರಾಜಸಾಗರದ ಚಿತ್ರ ನಿಧಾನವಾಗಿ ಕರಗಿ, ಬಿರುಕುಬಿಟ್ಟ ನೆಲದ ಚಿತ್ರ ಮೂಡಿತೆನ್ನಿ. ನೋಡಿದವರು ‘ಅಣೆಕಟ್ಟು ಬತ್ತಿತು’ ಎಂದೇ ತಿಳಿಯುತ್ತಾರೆ. ಎರಡನೆಯದು ಇನ್ಯಾವುದೋ ಜಿಲ್ಲೆಯ ಕೆರೆಯಂಗಳವಾಗಿದ್ದರೆ? ಎರಡು ಫೋಟೊಗಳೂ ಸತ್ಯ, ನಡುವಿನ ಸಂಧಿ ಮಾತ್ರ ಸುಳ್ಳು. ಆ ಸುಳ್ಳಿಗೆ ಒಂದಕ್ಷರವನ್ನೂ ಬರೆಯಬೇಕಾಗಲಿಲ್ಲ. ಕರಗುವಿಕೆ ‘ಇದೇ ಅದಾಯಿತು’ ಎಂದು ಹೇಳುತ್ತದೆ. ಹಾಗೆ ಆಗಿಲ್ಲವಾದರೆ ನೇರವಾಗಿ ಕಡಿಯಿರಿ, ಇಲ್ಲವೇ ನಡುವೆ ಊರಿನ ಹೆಸರು, ಇಸವಿ ಬರೆದ ಫಲಕವೊಂದನ್ನು ನಿಲ್ಲಿಸಿ.

ಆದ್ದರಿಂದ ಮುಂದಿನ ಸಲ ಫೋಟೊಗಳನ್ನು ಜೋಡಿಸುವಾಗ, ಪ್ರತಿ ಎರಡರ ನಡುವೆ ಒಂದು ಮಾತನ್ನು ಮನಸ್ಸಿನಲ್ಲೇ ಹಾಕಿ ನೋಡಿ: ಆಮೇಲೆ, ಆದರೆ, ಅಷ್ಟರಲ್ಲಿ, ಅದೇ ಜಾಗದಲ್ಲಿ. ಯಾವ ಮಾತು ಹೊಂದುತ್ತದೋ ಅದಕ್ಕೆ ತಕ್ಕ ಸಂಧಿ ಮಾಡಿ. ಯಾವ ಮಾತೂ ಹೊಂದದಿದ್ದರೆ, ಬಹುಶಃ ಆ ಎರಡು ಚಿತ್ರಗಳು ಅಕ್ಕಪಕ್ಕ ಇರಬೇಕಾದವಲ್ಲ.