ಮನೆಯಲ್ಲಿ ಮೊದಲು ನೋಡತಕ್ಕದ್ದು ಯಾವುದು?

(ಗ್ರಾಮಸೇವಕರೊಬ್ಬರು ರೈತರ ಸಭೆಯಲ್ಲಿ ಮಾಡಿದ ಭಾಷಣ)



ಬೀಜ, ಗೊಬ್ಬರ, ಬಿತ್ತನೆಗಳ ಮಾತು ಹಿಡಿದು ನಾನು ನಿಮ್ಮ ಮುಂದೆ ಎಷ್ಟೋ ಸಲ ನಿಂತದ್ದುಂಟು. ಈ ದಿನ ಹೊಲದ ಮಾತು ಬಿಟ್ಟು ಮನೆಯ ಮಾತನ್ನು ಎತ್ತಿದ್ದೇನೆ. ಸುಗ್ಗಿ ಮುಗಿದು ಕೈಯಲ್ಲಿ ನಾಲ್ಕು ಕಾಸು ಓಡಾಡುವ ಕಾಲವಿದು. ಅಣ್ಣತಮ್ಮಂದಿರು ಪಾಲಾಗುವುದು, ಹಳೆಯ ಮನೆ ಕೊಳ್ಳುವುದು, ಹೊಸ ಮನೆಗೆ ಪಾಯ ತೆಗೆಯುವುದು ಎಲ್ಲವೂ ಈಗಲೇ. ರೈತನು ಜೀವಮಾನದಲ್ಲಿ ಎತ್ತುಗಳನ್ನು ಹಲವು ಸಲ ಬದಲಾಯಿಸುತ್ತಾನೆ. ಮನೆಯನ್ನು ಕಟ್ಟುವುದು ಒಂದೇ ಸಲ. ಆದರೂ ಎತ್ತು ಕೊಳ್ಳುವಾಗ ಹಲ್ಲು ನೋಡಿ, ಸುಳಿ ನೋಡಿ, ನೇಗಿಲು ಕಟ್ಟಿ ಒಂದು ಸುತ್ತು ಹೊಡೆಸಿ ನೋಡುವ ನಾವು ಮನೆಯನ್ನು ಮಾತ್ರ ಬೀದಿಯಲ್ಲಿ ನಿಂತೇ ನೋಡುತ್ತೇವೆ.

ಬೀದಿಯಿಂದ ಕಾಣುವುದೇನು? ಜಗಲಿ, ಕಂಬ, ಬಾಗಿಲುವಾಡ, ಈಚೆಗೆ ಮುಂದಿನ ಗೋಡೆಗೆ ಅಂಟಿಸುವ ಹೊಳೆಯುವ ಟೈಲ್ಸು. ಸಾಲ ತಂದ ಹಣವೆಲ್ಲ ಅಲ್ಲಿಯೇ ಕರಗುತ್ತದೆ. ಹಿಂದಕ್ಕೆ ಹೋಗುವ ವೇಳೆಗೆ ಕೈ ಬರಿದಾಗಿ, ಅಡಿಗೆಮನೆಯ ಕಿಟಕಿ ಮುಂದಿನ ವರ್ಷಕ್ಕೆ, ಬಚ್ಚಲ ಗುಂಡಿ ಅದರ ಮುಂದಿನ ವರ್ಷಕ್ಕೆ ಎಂದಾಗುತ್ತದೆ. ಆ ವರ್ಷ ಬಂದದ್ದನ್ನು ನಾನು ಹೆಚ್ಚಾಗಿ ಕಂಡಿಲ್ಲ. ಆದುದರಿಂದ ನನ್ನ ಬಿನ್ನಹ ಇಷ್ಟು: ಮನೆಯನ್ನು ಹಿತ್ತಲ ಕಡೆಯಿಂದ ನೋಡಲು ಪ್ರಾರಂಭಿಸಿ, ಹಣವನ್ನೂ ಆ ಕಡೆಯಿಂದಲೇ ಹಾಕುತ್ತ ಬನ್ನಿ.

ಮೊದಲನೆಯದು ಅಡಿಗೆಮನೆ. ಮನೆಯೊಳಗೆ ಅತಿ ಹೆಚ್ಚು ಹೊತ್ತು ದುಡಿಯುವವರು ಹೆಂಗಸರು. ಅವರು ದುಡಿಯುವ ಜಾಗವೇ ಮನೆಯಲ್ಲೆಲ್ಲ ಕತ್ತಲೆಯದು. 2016ರಲ್ಲಿ ಉಜ್ವಲ ಯೋಜನೆ ಬಂದ ಮೇಲೆ ಗ್ಯಾಸಿನ ಒಲೆ ಬಹಳ ಮನೆಗಳಿಗೆ ಬಂದಿತು, ನಿಜ. ಆದರೆ ಮುದ್ದೆಯ ಹೆಸರು, ದನದ ಮುಸುರೆ, ಸ್ನಾನದ ಹಂಡೆ ಇವೆಲ್ಲ ಇನ್ನೂ ಎಷ್ಟೋ ಮನೆಗಳಲ್ಲಿ ಸೌದೆಯ ಮೇಲೆಯೇ ನಡೆಯುತ್ತವೆ. ಸೌದೆಯ ಹೊಗೆ ಕಣ್ಣು ಉರಿಸಿ ಸುಮ್ಮನಾಗುವುದಿಲ್ಲ. ವರ್ಷಗಟ್ಟಲೆ ಅದನ್ನು ಕುಡಿದವರಿಗೆ ಉಬ್ಬಸ ಹತ್ತುತ್ತದೆ, ಕಣ್ಣಿಗೆ ಪೊರೆ ಬರುವ ಸಂಭವ ಹೆಚ್ಚುತ್ತದೆ, ಒಲೆಯ ಪಕ್ಕದಲ್ಲಿ ಮಲಗಿಸಿದ ಎಳೆಗೂಸಿಗೆ ನ್ಯುಮೋನಿಯಾ ತಗಲುವ ಅಪಾಯವುಂಟು. ಕೆಮ್ಮನ್ನು ವಯಸ್ಸಿನ ತಲೆಗೆ ಕಟ್ಟಿ ನಾವು ಸುಮ್ಮನಿರುತ್ತೇವೆ.

ಅಡಿಗೆಮನೆಗೆ ಎಷ್ಟು ಕಿಟಕಿ ಬೇಕು? ನೆಲದ ವಿಸ್ತಾರದ 8ನೆಯ 1 ಭಾಗದಷ್ಟಾದರೂ ಇರಲಿ. 10 ಅಡಿ ಉದ್ದ, 8 ಅಡಿ ಅಗಲದ ಕೋಣೆಯಾದರೆ ನೆಲ 80 ಚದರಡಿ. ಎರಡೂವರೆ ಅಡಿಗೆ ಎರಡಡಿಯ ಕಿಟಕಿಗಳು ಎರಡಿದ್ದರೆ ಲೆಕ್ಕ ಸರಿಹೋಯಿತು. ಎರಡನ್ನೂ ಒಂದೇ ಗೋಡೆಗೆ ಇಡಬೇಡಿ, ಗಾಳಿ ಆಡುವುದಿಲ್ಲ. ಸೌದೆ ಒಲೆಯಾದರೆ ಅದಕ್ಕೆ ಹೊಗೆಕೊಳವೆ ಇರಲೇಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ನಮ್ಮ ಹಳ್ಳಿಗಳಿಗೆಂದೇ ರೂಪಿಸಿದ ಅಸ್ತ್ರ ಒಲೆಯನ್ನು ನಿಮ್ಮಲ್ಲಿ ಹಿರಿಯರು ಬಲ್ಲಿರಿ. ಕೇಂದ್ರ ಸರ್ಕಾರದ ಸುಧಾರಿತ ಒಲೆ ಕಾರ್ಯಕ್ರಮವೂ 1983ರಲ್ಲಿ ಪ್ರಾರಂಭವಾಗಿ 2002ರವರೆಗೆ ನಡೆಯಿತು. ಆ ಕಾಲದಲ್ಲಿ ಹಾಕಿಸಿದ ಒಲೆಗಳು ಬಹಳ ಕಡೆ ಮೂಲೆ ಸೇರಿದುವು. ಕೊಳವೆಯಲ್ಲಿ ಮಸಿ ಕಟ್ಟಿದಾಗ ತೆಗೆಯುವವರಿಲ್ಲದೆ ಹೊಗೆ ಹಿಂದಕ್ಕೆ ತಿರುಗುತ್ತಿದ್ದುದು ಒಂದು ಕಾರಣ. ಕೊಳವೆ ಮಾಡಿನಿಂದ ಎರಡು ಮೂರು ಅಡಿ ಮೇಲೆ ಹೋಗಲಿ. ಮಸಿ ತೆಗೆಯುವ ಕೆಲಸವನ್ನು ಮನೆಯ ಗಂಡಸರು ವಹಿಸಿಕೊಳ್ಳಲಿ.

ಅಡಿಗೆಮನೆ ಆಗ್ನೇಯಕ್ಕೇ ಬರಬೇಕೆಂದು ಹಿರಿಯರು ಹೇಳುತ್ತಾರೆ. ಶಾಸ್ತ್ರದ ಚರ್ಚೆ ನನ್ನ ಕೆಲಸವಲ್ಲ. ಗಾಳಿಯ ಲೆಕ್ಕದಿಂದ ನೋಡಿದರೂ ಆ ಮೂಲೆ ಒಳ್ಳೆಯದೇ. ನಮ್ಮ ಬಯಲು ಸೀಮೆಯಲ್ಲಿ ಮುಂಗಾರಿನ ಗಾಳಿ ನೈಋತ್ಯದಿಂದ ಬೀಸುತ್ತದೆ, ಹಿಂಗಾರಿನದು ಈಶಾನ್ಯದಿಂದ. ಎರಡು ಕಾಲದಲ್ಲಿಯೂ ಆಗ್ನೇಯದ ಹೊಗೆ ಮನೆಯ ನಡುವೆ ಹಾಯದೆ ಪಕ್ಕಕ್ಕೆ ಸಾಗಿಹೋಗುತ್ತದೆ. ಆದರೆ ಆ ಮೂಲೆಯಲ್ಲಿ ಕಿಟಕಿಯೇ ಇಲ್ಲದಿದ್ದರೆ ಹೊಗೆ ಹೋಗುವುದೆಲ್ಲಿಗೆ? ಆಯ ಕೂಡಿಸುವವರು ಅದನ್ನೂ ಸ್ವಲ್ಪ ವಿಚಾರಿಸುವುದು ಒಳ್ಳೆಯದು.

ಬಡವರ ಮನೆಗೆ ಇಷ್ಟೆಲ್ಲ ಎಲ್ಲಿ ಸಾಧ್ಯ ಎನ್ನಬೇಡಿ. 2016ರ ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆಯಲ್ಲಿ ಮನೆಯ ಕನಿಷ್ಠ ಅಳತೆಯನ್ನು 20 ಚದರ ಮೀಟರಿನಿಂದ 25ಕ್ಕೆ ಏರಿಸಿದಾಗ, ಅಷ್ಟರೊಳಗೇ ಅಡಿಗೆಗೆಂದು ಶುಚಿಯಾದ ಜಾಗ ಬೇರೆ ಇರಬೇಕೆಂದು ಗೊತ್ತುಮಾಡಿದರು. 25 ಚದರ ಮೀಟರೆಂದರೆ ಸುಮಾರು 269 ಚದರಡಿ, ಅಷ್ಟೆ.

ಬಚ್ಚಲಿನ ಮಾತು ಚಿಕ್ಕದು. ಅದರ ನೀರು ಬೀದಿಗೆ ಹರಿದರೆ ಸೊಳ್ಳೆ ಮತ್ತು ಜಗಳ. ಹಿತ್ತಲಿಗೆ ಹರಿದರೆ ಬಾಳೆ, ತೆಂಗು, ನುಗ್ಗೆ. ಹಿತ್ತಲಿಲ್ಲದವರು ಇಂಗುಗುಂಡಿ ಮಾಡಿಸಿ. ಕಕ್ಕಸು ಬಚ್ಚಲಿನ ಮಗ್ಗುಲಲ್ಲೇ ಇದ್ದರೆ ಮುದುಕರಿಗೂ ಬಸುರಿಯರಿಗೂ ರಾತ್ರಿ ಹೊತ್ತು ಅನುಕೂಲ. 2014ರಿಂದೀಚೆಗೆ ಕಟ್ಟಿಸಿದ ಕೆಲವು ಕಕ್ಕಸುಗಳಲ್ಲಿ ಸೌದೆ, ಬೆರಣಿಗಳು ಸುಖವಾಗಿ ವಾಸವಾಗಿವೆ. ಅದನ್ನು ಹೆಚ್ಚು ಬೆಳೆಸುವುದಿಲ್ಲ. ಗುಂಡಿ ಎರಡಿರಲಿ, ತಳಕ್ಕೆ ಸಿಮೆಂಟು ಬೇಡ, ಕುಡಿಯುವ ನೀರಿನ ಬಾವಿಯಿಂದ 10 ಮೀಟರಾದರೂ ದೂರವಿರಲಿ. ಒಂದು ತುಂಬಿದಾಗ ಇನ್ನೊಂದಕ್ಕೆ ತಿರುಗಿಸಿ, ತುಂಬಿದ್ದನ್ನು ಎರಡು ವರ್ಷ ಮುಚ್ಚಿಟ್ಟರೆ ವಾಸನೆಯಿಲ್ಲದ ಪುಡಿಗೊಬ್ಬರ ಸಿಕ್ಕುತ್ತದೆ.

ಇನ್ನು ಕೊಟ್ಟಿಗೆ. ದನಗಳನ್ನು ಮನೆಯೊಳಗೇ ಕಟ್ಟುವುದನ್ನು ಅಜ್ಞಾನವೆಂದು ಹೇಳುವವರಿದ್ದಾರೆ. ನಾನು ಹಾಗೆನ್ನುವುದಿಲ್ಲ. ಅದಕ್ಕೆ ಕಳ್ಳರ ಭಯವೂ ಚಿರತೆಯ ಭಯವೂ ಕಾರಣ. ಆದರೆ ಗಂಜಲದ ತೇವ, ನೊಣ, ಉಣ್ಣೆಗಳ ನಡುವೆ ಮಕ್ಕಳು ಮಲಗುವುದೂ ಸರಿಯಲ್ಲವಷ್ಟೆ. ಮನೆಯ ಹಿಂಗೋಡೆಗೆ ತಗುಲಿಸಿ ಹೊರಗಡೆ ಕೊಟ್ಟಿಗೆ ಮಾಡಿ, ನಡುವಣ ಗೋಡೆಯಲ್ಲಿ ಒಂದು ಸಣ್ಣ ಕಿಟಕಿ ಇಟ್ಟರೆ ರಾತ್ರಿ ಕೊರಳ ಗಂಟೆಯ ಸದ್ದು ಒಳಕ್ಕೆ ಕೇಳಿಸುತ್ತದೆ. ಒಂದು ಹಸುವಿಗೆ ಸುಮಾರು 40 ಚದರಡಿ ನೆಲ ಸಾಕು. ಗಂಜಲ ತಿಪ್ಪೆಗೆ ಹರಿಯುವಂತೆ ನೆಲ ವಾಟವಾಗಿರಲಿ. ಹೊಲಕ್ಕೆ ಸೇರಬೇಕಾದ ಸಾರ ಅದರಲ್ಲಿದೆ.

ಕಾಳು ಇಡುವ ಕೋಣೆಯನ್ನು ಮನೆಯಲ್ಲಿ ಅತಿ ಒಣಗಿದ ಕಡೆ ಆರಿಸಿ. ಕಾಳನ್ನು ತೇವ ನೂರಕ್ಕೆ 12ರ ಒಳಗೆ ಬರುವವರೆಗೆ ಒಣಗಿಸಬೇಕು. ಹಲ್ಲಿನಲ್ಲಿ ಕಡಿದಾಗ ಕಟಕ್ಕೆಂದು ಮುರಿಯಬೇಕೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಚೀಲಗಳು ಹಲಗೆಯ ಮೇಲೆ, ಗೋಡೆಯಿಂದ ಒಂದೂವರೆ ಅಡಿ ದೂರದಲ್ಲಿರಲಿ. ಹಳೆಯ ಮನೆ ಕೊಳ್ಳುವವರು ಅಂಗಳದಲ್ಲಿ ಹಗೇವು ಇದೆಯೇ ಎಂದು ಕೇಳಿ ತಿಳಿದುಕೊಳ್ಳಿ. ಎಷ್ಟೋ ಕಾಲದಿಂದ ಮುಚ್ಚಿದ್ದ ಹಗೇವಿನಲ್ಲಿ ಕೆಟ್ಟ ಗಾಳಿ ತುಂಬಿರುತ್ತದೆ. ಬಾಯಿ ತೆರೆದೊಡನೆ ಇಳಿದವರು ಮೇಲಕ್ಕೆ ಬಾರದೆ ಹೋದದ್ದುಂಟು.

ಈ ಸಂದರ್ಭದಲ್ಲಿಯೇ ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಬೆಳೆಗೆ ಹೊಡೆಯುವ ವಿಷವನ್ನು ನಾವು ಔಷಧಿ ಎನ್ನುತ್ತೇವೆ. ಹೆಸರು ಔಷಧಿಯಾದ್ದರಿಂದಲೋ ಏನೋ, ಅದನ್ನು ಅಟ್ಟದ ಮೇಲೆ ಬೆಲ್ಲದ ಪಕ್ಕದಲ್ಲಿ, ಮಂಚದ ಕೆಳಗೆ ಇಡುತ್ತೇವೆ. ಉಳಿದದ್ದನ್ನು ನೀರಿನ ಬಾಟಲಿಗೆ ಸುರಿದಿಡುವವರೂ ಉಂಟು. ಮಗುವಿಗೆ ಬಾಟಲಿ ಬಾಟಲಿಯೇ. ದೊಡ್ಡವರಿಗೂ ಕೋಪದ, ದುಃಖದ ಒಂದು ಗಳಿಗೆಯಲ್ಲಿ ಅದು ಕೈಗೆ ಎಟುಕುವುದೇ ಅನಾಹುತಕ್ಕೆ ಸಾಕು. ಮನೆ ಕಟ್ಟುವಾಗಲೇ, ಕಾಳಿನಿಂದಲೂ ಮೇವಿನಿಂದಲೂ ದೂರವಾಗಿ, ಮನೆಯ ಹೊರಗಡೆ ಗೋಡೆಯ ಎತ್ತರದಲ್ಲಿ ಬೀಗ ಹಾಕುವ ಒಂದು ಗೂಡನ್ನು ಮಾಡಿಸಿ. ಖರ್ಚು ಒಂದು ಬಾಗಿಲು, ಒಂದು ಬೀಗ. ಜಗಲಿಯ ಕಂಬಕ್ಕೆ ಬಣ್ಣ ಹೊಡೆಸುವುದಕ್ಕಿಂತ ಮೊದಲು ಇದಾಗಲಿ.

ಕಟ್ಟಿದ ಮನೆಯನ್ನು ಕೊಳ್ಳುವವರು ಮಳೆ ಹುಯ್ಯುವ ದಿನ ಒಂದು ಸಲ ಹೋಗಿ ನೋಡಿ. ಮಾಡು ಎಲ್ಲಿ ಸೋರುತ್ತದೆ, ಬೀದಿಯ ನೀರು ಯಾವ ಕಡೆ ನುಗ್ಗುತ್ತದೆ, ಗೋಡೆಯ ಬುಡ ಎಷ್ಟೆತ್ತರ ತೇವ ಹೀರಿದೆ ಎಂಬುದು ಬೇಸಗೆಯಲ್ಲಿ ತಿಳಿಯುವುದಿಲ್ಲ; ಮಾರುವವರು ಸುಣ್ಣ ಬಳಿದಿರುತ್ತಾರೆ. ನೆಲಗಟ್ಟು ಹೊರಗಿನ ನೆಲಕ್ಕಿಂತ ಎರಡಡಿಯಾದರೂ ಎತ್ತರವಿರಬೇಕು. ಇನ್ನೊಂದು ಸಲ ಅಡಿಗೆಯ ಹೊತ್ತಿನಲ್ಲಿ ಹೋಗಿ, ಹೊಗೆ ಎತ್ತ ಹೋಗುತ್ತದೆ ನೋಡಿ. ಮನೆ ನೋಡಲು ಗಂಡಸರೇ ನಾಲ್ಕು ಜನ ಹೋಗಿ ಮುಂಗಡ ಕೊಟ್ಟು ಬರುವ ಪದ್ಧತಿಯನ್ನು ಬಿಟ್ಟುಬಿಡಿ. ಮನೆಯಾಕೆ ನೋಡಿ ಒಪ್ಪುವವರೆಗೆ ಹಣ ಸೊಂಟದಲ್ಲೇ ಇರಲಿ. ಖಾತೆ ಯಾರ ಹೆಸರಿನಲ್ಲಿದೆ ಎಂಬುದನ್ನು ಪಂಚಾಯಿತಿಯಲ್ಲಿ ವಿಚಾರಿಸಿಕೊಳ್ಳುವುದು ಹೇಗೂ ಇದ್ದೇ ಇದೆ.

ಈ ವರ್ಷ ಪಾಯ ತೆಗೆಯುವವರು ಅಗೆಯುವುದಕ್ಕೆ ಮೊದಲು ನೆಲದ ಮೇಲೆ ಸುಣ್ಣದಲ್ಲಿ ಗೆರೆ ಹಾಕಿ ನನಗೆ ಹೇಳಿ ಕಳುಹಿಸಿ. ಅಳತೆ ಟೇಪು ತರುತ್ತೇನೆ, ಕುಳಿತು ನೋಡೋಣ. ಅಡಿಗೆಮನೆಯ ಗೆರೆ ಹಾಕುವಾಗ ಮನೆಯ ಹೆಂಗಸರೂ ಅಲ್ಲಿರಬೇಕು.